ವೀರನ ಕೈಗೆ ಎಷ್ಟು ಬಲ?



ಹೋದ ತಿಂಗಳು ಉದ್ರಿ ವಸೂಲಿಯ ಬಗ್ಗೆ ಬರೆದದ್ದಕ್ಕೆ ಏಳೆಂಟು ಕಾಗದಗಳು ಬಂದಿವೆ. ಅವುಗಳಿಗೆ ಈ ಸಲ ಉತ್ತರ ಬರೆಯಬೇಕೆಂದು ಕೂತಿದ್ದೆ. ಆದರೆ ಬೇಸಿಗೆ ರಜೆಗೆ ಮನೆ ತುಂಬ ಮೊಮ್ಮಕ್ಕಳು. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವನು ನಾಲ್ಕು ದಿನ ಮಹಡಿಯ ಮೇಲೆ ಅವರ ಜೊತೆ ಆಟಕ್ಕೆ ಕೂತುಬಿಟ್ಟೆ. ಅರವತ್ತಾರು ವರ್ಷದವರಿಗೆ ಇದೆಂಥ ಆಟ ಎಂದು ಮನೆಯವರು ನಕ್ಕರು. ನಗಲಿ. ಆ ಆಟದಿಂದ ಎದ್ದ ಒಂದು ಪ್ರಶ್ನೆ ಗದ್ದಿಯ ಮೇಲೆ ಕೂತರೂ ನನ್ನನ್ನು ಬಿಡಲಿಲ್ಲ. ಹಾಗಾಗಿ ಈ ತಿಂಗಳು ಅದೇ ವಿಷಯ. ಉದ್ರಿಯವರು ಒಂದು ತಿಂಗಳು ತಡೆದುಕೊಳ್ಳಲಿ, ನಾವು ವರ್ಷಗಟ್ಟಲೆ ತಡೆದುಕೊಳ್ಳುವುದಿಲ್ಲವೆ?

ಮಗಳ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಾನೆ. ಬರುವಾಗ ಒಂದು ರಟ್ಟಿನ ಪೆಟ್ಟಿಗೆ ತಂದಿದ್ದ. ಅದರಲ್ಲಿ ಎರಡು ಪುಸ್ತಕ, ಪಾತ್ರಗಳ ವಿವರ ಬರೆದ ಐದು ಹಾಳೆ, ಬೇರೆ ಬೇರೆ ಆಕಾರದ ಆರು ದಾಳ. ಒಂದು ದಾಳಕ್ಕೆ ಇಪ್ಪತ್ತು ಮುಖ! ಪಗಡೆಯ ಹಾಸಿಲ್ಲ, ಮನೆಗಳಿಲ್ಲ, ಕಾಯಿಗಳಿಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬ ವೀರನ ಪಾತ್ರ ವಹಿಸುತ್ತಾರೆ. ನಮ್ಮ ಕಡೆಯ ಬಯಲಾಟದಲ್ಲಿ ವೇಷ ಹಾಕಿದ ಹಾಗೆಯೇ ಅನ್ನಿ. ಆದರೆ ಇಲ್ಲಿ ಮಾತು ಮೊದಲೇ ಬರೆದಿಟ್ಟಿಲ್ಲ. ‘ನಾನು ಬಾಗಿಲು ಮುರಿಯುತ್ತೇನೆ’ ಎಂದರೆ ದಾಳ ಉರುಳಿಸಬೇಕು, ಅಂಕ ಸಾಲದಿದ್ದರೆ ಬಾಗಿಲು ಮುರಿಯುವುದಿಲ್ಲ.

ಈ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಸೇರಿ 1974ರಲ್ಲಿ ಹೊರತಂದದ್ದು. ಗೈಗಾಕ್ಸ್ ಮೊದಲು ವಿಮೆಯ ನೌಕರಿಯಲ್ಲಿದ್ದವನು. ನೌಕರಿ ಹೋದ ಮೇಲೆ ಬೂಟು ರಿಪೇರಿ ಮಾಡಿ ಸಂಸಾರ ನಡೆಸಿದ. ಮೊದಲ ಸಲ ಅಚ್ಚು ಹಾಕಿಸಿದ್ದು ಒಂದು ಸಾವಿರ ಪ್ರತಿ. ಇಂದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ನಮ್ಮ ಮಕ್ಕಳು ಆಡುವ ಎಷ್ಟೋ ಆಟಗಳಲ್ಲಿ ‘ಲೆವೆಲ್’ ಏರುವುದು, ‘ಹಿಟ್ ಪಾಯಿಂಟ್’ ಕಳೆಯುವುದು ಎಂದಿದೆಯಲ್ಲ, ಅದೆಲ್ಲದರ ಬೇರು ಈ ಸಾವಿರ ಪ್ರತಿಯಲ್ಲಿದೆ. ಲೆವೆಲ್ ಎಂದರೆ ಪಾತ್ರ ಏರಿರುವ ಮೆಟ್ಟಿಲು. ಹಿಟ್ ಪಾಯಿಂಟ್ ಎಂದರೆ ಅದು ಎಷ್ಟು ಪೆಟ್ಟು ತಡೆದೀತು ಎಂಬ ಲೆಕ್ಕ.

ಮೊದಲ ದಿನ ಮೊಮ್ಮಗನಿಗೆ ಚಿಕ್ಕವರನ್ನು ಖುಷಿಪಡಿಸುವ ಆಸೆ. ನನ್ನ ಮಗನ ಮಕ್ಕಳು ಇಬ್ಬರು, ಹುಡುಗನಿಗೆ ಹದಿನಾಲ್ಕು, ಹುಡುಗಿಗೆ ಹತ್ತು. ಆಟದಲ್ಲಿ ಇಪ್ಪತ್ತನೆಯದು ಕೊನೆಯ ಮೆಟ್ಟಿಲು. ಇಬ್ಬರನ್ನೂ ನೇರವಾಗಿ ಅಲ್ಲಿಗೇ ಕೂರಿಸಿದ. ಹುಡುಗಿಗೆ ಹಾರುವ ಕುದುರೆ, ಮುರಿಯದ ಗುರಾಣಿ. ಹುಡುಗನಿಗೆ ಬೇಡಿದ್ದೆಲ್ಲ ಆಗಿಬಿಡುವ ಮಂತ್ರ. ಬೆಂಕಿ ಉಗುಳುವ ಮಹಾಸರ್ಪವೊಂದು ಎದುರು ಬಂತು, ಎರಡು ಸುತ್ತಿನಲ್ಲಿ ಸತ್ತಿತು. ಇನ್ನೊಂದು ಬಂತು, ಅದೂ ಸತ್ತಿತು. ಮುಕ್ಕಾಲು ಗಂಟೆ ಆಗಿರಲಿಲ್ಲ, ಹುಡುಗಿ ಎದ್ದು ಮಾವಿನಹಣ್ಣು ತಿನ್ನಲು ಕೆಳಗೆ ಹೋದಳು. ಹುಡುಗ ಮೊಬೈಲ್ ತೆಗೆದ. ಕಥೆ ಹೇಳುವವನು ಮಹಡಿಯ ಮೇಲೆ ಒಬ್ಬನೇ ದಾಳ ಆರಿಸಿಕೊಂಡು ಕೂತಿದ್ದ. ನನಗೆ ಪಾಪ ಅನ್ನಿಸಿತು.

“ನಾಳೆ ಕೆಳಗಿನಿಂದ ಶುರು ಮಾಡಪ್ಪ,” ಎಂದೆ.

ಮರುದಿನ ಪೆಟ್ಟಿಗೆಯೊಳಗೆ ಬಂದಿದ್ದ ಕಥೆಯನ್ನೇ ತೆಗೆದ. ಕೇಳಿ ನನಗೆ ಮೋಜೆನಿಸಿತು. ವೀರರೆಲ್ಲ ಸೇರಿ ಒಂದು ಸರಕಿನ ಗಾಡಿಯನ್ನು ಪಟ್ಟಣದಿಂದ ದೂರದ ಹಳ್ಳಿಯ ಅಂಗಡಿಗೆ ಮುಟ್ಟಿಸಬೇಕು, ತಲೆಗೆ ಹತ್ತು ಚಿನ್ನದ ನಾಣ್ಯ ಕೂಲಿ. ಎಲ್ಲರೂ ಮೊದಲ ಮೆಟ್ಟಿಲಿನವರು. ‘ಗಾಡಿ ಹೊಡೆಯುವವನು ನಾನು’ ಎಂದೆ. ನನಗೆ ಸಾಮಾನ್ಯ ಪ್ರಜೆಯ ಲೆಕ್ಕ ಕೊಟ್ಟ. ತಡೆಯುವ ಪೆಟ್ಟು ನಾಲ್ಕೇ ಅಂಕ, ಮಂತ್ರವಿಲ್ಲ, ಕತ್ತಿಯಿಲ್ಲ. ಎಮ್ಮಿಗನೂರಿನ ಜವಳಿ ವ್ಯಾಪಾರಿಗೆ ಸರಿಯಾದ ಪಾತ್ರ.

ದಾರಿಯಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ. ಪೊದೆಯಿಂದ ನಾಲ್ಕು ಕುಳ್ಳ ರಕ್ಕಸರು. ನಾಲ್ಕೇ ನಾಲ್ಕು! ಆದರೆ ಅರ್ಧ ಗಂಟೆ ನಮ್ಮ ಮಹಡಿಯ ಮೇಲೆ ಆದ ಕೂಗಾಟ ಪಕ್ಕದ ಮನೆಯವರಿಗೂ ಕೇಳಿಸಿತು. ನನಗೊಂದು ಬಾಣ ತಗುಲಿತು, ಮೂರು ಅಂಕ ಹೋಗಿ ಒಂದು ಉಳಿಯಿತು. ಆ ಒಂದರ ಬೆಲೆ ಏನೆಂದು ಅಂದು ಗೊತ್ತಾಯಿತು. ಮೊಮ್ಮಗಳ ಪಾತ್ರ ಪೆಟ್ಟು ತಿಂದು ಸೊನ್ನೆಗೆ ಇಳಿದು ನೆಲಕ್ಕೆ ಬಿತ್ತು. ಅಣ್ಣನದು ಗಾಯ ಮಾಯಿಸುವ ಪುರೋಹಿತನ ಪಾತ್ರ. ಆದರೆ ದಿನಕ್ಕೆ ಎರಡೇ ಮಂತ್ರ, ಎರಡನ್ನೂ ಶುರುವಿನಲ್ಲೇ ಜಂಬಕ್ಕೆ ಉರಿಸಿ ಮುಗಿಸಿದ್ದ. ಇನ್ನು ಅವಳೇ ದಾಳ ಹಾಕಬೇಕು. ಹತ್ತು ಅಥವಾ ಮೇಲೆ ಮೂರು ಸಲ ಬಿದ್ದರೆ ಬದುಕು, ಕೆಳಗೆ ಮೂರು ಸಲ ಬಿದ್ದರೆ ಸಾವು. ಎರಡು ಕಡೆಗೂ ಎರಡೆರಡು ಆದವು.

“ತಾತಾ, ನಾ ಸತ್ತುಹೋಗ್ತೀನಾ?” ಎಂದಳು, ಕಣ್ಣಲ್ಲಿ ನೀರು.

ದಾಳ ಉರುಳಿ ಗೋಡೆಗೆ ಬಡಿದು ನಿಂತಿತು. ಹದಿನಾಲ್ಕು. ಅಣ್ಣ ತಂಗಿಯನ್ನು ಎತ್ತಿಕೊಂಡು ಕುಣಿದ. ಕೊನೆಗೆ ಸಿಕ್ಕಿಬಿದ್ದ ಒಬ್ಬ ರಕ್ಕಸನನ್ನು ಕೊಲ್ಲದೆ, ಗಾಡಿಯಿಂದ ಒಂದು ಚೀಲ ಹಿಟ್ಟು ಕೊಟ್ಟು ಮುಂದಿನ ದಾರಿಯ ಸುದ್ದಿ ಕೇಳಿಕೊಂಡದ್ದು ನಾನು. ಚೌಕಾಸಿಗೆ ದಾಳ ಬೇಕೇ ಆಗಲಿಲ್ಲ. ಸೂರ್ಯ ಮುಳುಗುವ ಮುಂಚೆ ಊಟಕ್ಕೆ ಕೂಗಿದಾಗ ಮಕ್ಕಳು ಏಳಲು ಒಪ್ಪಲಿಲ್ಲ.

ಆಡಿದವರು ಅವರೇ, ಹೇಳಿದವನೂ ಅವನೇ. ಬದಲಾದದ್ದು ಪಾತ್ರದ ಬಲ ಒಂದೇ. ರಾತ್ರಿ ಮೊಮ್ಮಗನ ಹತ್ತಿರ ಈ ಮಾತೆತ್ತಿದೆ. ಅವನು ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. 1974ರ ಪುಸ್ತಕದಲ್ಲಿ ಕತ್ತಿ ಹಿಡಿದವನಿಗೆ ‘ಹೀರೊ’ ಎಂಬ ಬಿರುದು ಸಿಗುತ್ತಿದ್ದದ್ದು ನಾಲ್ಕನೇ ಮೆಟ್ಟಿಲಿಗೆ. ಅಲ್ಲಿಯವರೆಗೆ ಅವನು ಬರೀ ಸಿಪಾಯಿ. ಒಂದೇ ಏಟಿಗೆ ಸಾಯಬಹುದು, ಬಹಳ ಮಂದಿ ಸಾಯುತ್ತಲೂ ಇದ್ದರಂತೆ. 2014ರ ಪುಸ್ತಕಕ್ಕೆ ಬರುವಷ್ಟರಲ್ಲಿ ಮೊದಲ ಮೆಟ್ಟಿಲಿನವನೇ ಸಾಕಷ್ಟು ಗಟ್ಟಿಗ, ಸೊನ್ನೆಗೆ ಇಳಿದರೂ ಬದುಕಲು ನಮ್ಮ ಹುಡುಗಿಗೆ ಸಿಕ್ಕಂಥ ಅವಕಾಶ ಉಂಟು. ಬಲ ಹೆಚ್ಚಾಗುತ್ತಲೇ ಬಂದಿದೆ. ಹಳಬರು ಇದನ್ನು ಒಪ್ಪುವುದಿಲ್ಲ, ಹೊಸಬರು ಹಳೆಯದನ್ನು ಒಪ್ಪುವುದಿಲ್ಲ. ಎರಡು ಗಂಟೆ ಕೂತು ಕಟ್ಟಿದ ಪಾತ್ರ ಹತ್ತು ನಿಮಿಷಕ್ಕೆ ಸತ್ತರೆ ಯಾರಿಗೆ ಬೇಕು ಎಂಬುದು ಹೊಸಬರ ವಾದ. ಅದರಲ್ಲೂ ನ್ಯಾಯವಿದೆ.

ಮನೆಯವರು ಮಧ್ಯೆ ಬಾಯಿ ಹಾಕಿದರು: “ಬಲದ ಮಾತು ಇರಲಿ, ಆಟದಲ್ಲಾದರೂ ಕೊಲ್ಲುವುದು ಕೊಲ್ಲುವುದೇ ಅಲ್ಲವಾ? ಯಶೋಧರ ಕೊಯ್ದದ್ದು ಹಿಟ್ಟಿನ ಕೋಳಿ.” ಜನ್ನ ಕವಿ 1209ರಲ್ಲಿ ಬರೆದ ಕಥೆ, ನಮ್ಮಲ್ಲಿ ಕೇಳದವರಿಲ್ಲ. ಹಿಟ್ಟಿನ ಕೋಳಿಯೇ ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು, ತಾಯಿ ಮಗ ಇಬ್ಬರೂ ಜನ್ಮಜನ್ಮ ಪ್ರಾಣಿಗಳಾಗಿ ತೊಳಲಿದರು. ನಾನು ಸುಮ್ಮನಾದೆ. ಮೊಮ್ಮಗ ಸುಮ್ಮನಾಗಲಿಲ್ಲ. “ಅಜ್ಜೀ, ಮೊದಲ ಪುಸ್ತಕದಲ್ಲಿ ಮೆಟ್ಟಿಲು ಏರುತ್ತಿದ್ದದ್ದು ಹೆಚ್ಚಾಗಿ ಸಂಪತ್ತು ತಂದರೆ. ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಕೊಂದರೆ ಸಿಗುತ್ತಿದ್ದದ್ದು ಕಡಿಮೆ. ಬುದ್ಧಿ ಇದ್ದವರು ಜಗಳ ತಪ್ಪಿಸಿಕೊಂಡು ಹೋಗುತ್ತಿದ್ದರು,” ಎಂದ. ಪಾತ್ರ ದುರ್ಬಲವಾಗಿದ್ದಾಗ ಉಪಾಯ ಬೇಕಾಗುತ್ತಿತ್ತು. ಬಲ ಬಂದ ಮೇಲೆ ಉಪಾಯ ಯಾರಿಗೆ ಬೇಕು? ಅಜ್ಜಿಗೆ ಪೂರ್ತಿ ಸಮಾಧಾನವಾಗಲಿಲ್ಲ, ನನಗೂ ಆಗಿಲ್ಲ. ಅದು ಇನ್ನೊಂದು ತಿಂಗಳಿಗೆ ಇರಲಿ.

ಜಪಾನಿನಲ್ಲಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ವಿಡಿಯೊ ಆಟ ಬಂತು. ಮೊಮ್ಮಗ ಅದರ ಲೆಕ್ಕ ಹೇಳಿದಾಗ ನನಗೆ ನಮ್ಮ ಪೇಟೆಯೇ ಕಣ್ಣಿಗೆ ಕಟ್ಟಿತು. ನಾಯಕ ಮಹಾವೀರನೊಬ್ಬನ ವಂಶದವನು. ರಾಜ ಅವನನ್ನು ಲೋಕ ಉಳಿಸಲು ಕಳಿಸುತ್ತಾನೆ. ಕೈಗೆ ಕೊಡುವುದು 120 ನಾಣ್ಯ! ಊರಿನ ಅಂಗಡಿಯಲ್ಲಿ ತಾಮ್ರದ ಕತ್ತಿಗೆ 180. ವಂಶ ದೊಡ್ಡದು, ಬಂಡವಾಳಕ್ಕೆ ಕತ್ತಿ ಬರುವುದಿಲ್ಲ. ದೊಣ್ಣೆ ಕೊಂಡು ಹೊರಡಬೇಕು. ಸತ್ತರೆ ರಾಜ ಬದುಕಿಸುತ್ತಾನೆ, ಕಲಿತ ಅನುಭವವೂ ಉಳಿಯುತ್ತದೆ, ಆದರೆ ಕೈಲಿದ್ದ ಹಣದಲ್ಲಿ ಅರ್ಧ ಹೋಗುತ್ತದೆ. ಈ ಆಟ ಮಾಡಿದವನ ಮನೆಯಲ್ಲಿ ಯಾರೋ ಅಂಗಡಿ ಇಟ್ಟವರಿದ್ದಿರಬೇಕು ಎಂದು ನಾನು ನಕ್ಕೆ. ವ್ಯಾಪಾರದಲ್ಲೂ ನಷ್ಟವಾದಾಗ ಹೋಗುವುದು ರೊಕ್ಕ, ಬುದ್ಧಿ ಉಳಿಯುತ್ತದೆ.

ಇದಕ್ಕೆ ವಿರುದ್ಧದ್ದೂ ಒಂದಿದೆ. 2006ರಲ್ಲಿ ಬಂದ ಆಬ್ಲಿವಿಯನ್ ಎಂಬ ಆಟದಲ್ಲಿ ನೀವು ಬಲ ಗಳಿಸಿದಂತೆಲ್ಲ ಲೋಕದವರೆಲ್ಲರ ಬಲವೂ ಏರುತ್ತದೆ. ಆರಂಭದಲ್ಲಿ ಹರಕು ಬಟ್ಟೆಯಲ್ಲಿದ್ದ ದಾರಿಗಳ್ಳರು ಕೊನೆಗೆ ಬೆಲೆಬಾಳುವ ಕವಚ ತೊಟ್ಟು ಬರುತ್ತಾರೆ. ಅಷ್ಟು ಸಂಪತ್ತಿದ್ದವನು ದಾರಿಯಲ್ಲಿ ನಿಂತು ಏಕೆ ಕದಿಯುತ್ತಾನೆ ಎಂದು ಆಡುವವರೇ ಹಾಸ್ಯ ಮಾಡಿದರು. ಏರಿದ್ದೇ ಗೊತ್ತಾಗದಿದ್ದರೆ ಏರಿ ಏನು ಪ್ರಯೋಜನ? ಮಾರಾಟ ದುಪ್ಪಟ್ಟಾದ ವರ್ಷವೇ ಬಾಡಿಗೆ, ಸಂಬಳ, ಬಡ್ಡಿ ಎಲ್ಲವೂ ದುಪ್ಪಟ್ಟಾದವನ ಮುಖ ನೀವು ನೋಡಿರಬಹುದು.

ಇಲ್ಲಿ ಮನೆಯ ಒಂದು ಮಾತು ಹೇಳಲೇಬೇಕು. ಹದಿನಾಲ್ಕರ ಹುಡುಗ ಹೋದ ವರ್ಷ ಅಪ್ಪನ ಫೋನಿನಿಂದ ಒಂದು ಮೊಬೈಲ್ ಆಟಕ್ಕೆ 4,800 ರೂಪಾಯಿ ಕಟ್ಟಿದ್ದ. ಯಾವ ಆಟವೆಂಬುದು ಬೇಡ. ಕೊಂಡದ್ದು ಒಂದು ಕತ್ತಿ, ಒಂದು ಕವಚ. ಹೊಡೆದಿದ್ದೇವೆ, ಬೈದಿದ್ದೇವೆ, ಅದು ಮುಗಿದ ಕಥೆ. ಆದರೆ ಈ ಸಲ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಕತ್ತಿ ಕೊಂಡ ಮೇಲೆ ಏನಾಯಿತು ಎಂದು ಕೇಳಿದೆ. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. “ಎರಡು ದಿನ ಎಲ್ಲರನ್ನೂ ಸೋಲಿಸಿದೆ ತಾತಾ. ಆಮೇಲೆ ನನ್ನ ಜೊತೆ ಆಡೋಕೆ ಬಂದವರೆಲ್ಲ ಅದಕ್ಕಿಂತ ದೊಡ್ಡ ಕತ್ತಿ ಕೊಂಡವರು,” ಎಂದ.

ನಲವತ್ತು ವರ್ಷ ಗದ್ದಿಯ ಮೇಲೆ ಕೂತವನಿಗೆ ಇದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಬಲವನ್ನೇ ಸರಕಾಗಿ ಮಾರುವ ಅಂಗಡಿ ಮೊದಲು ದೌರ್ಬಲ್ಯವನ್ನು ತಯಾರಿಸಬೇಕು. ಗಿರಾಕಿ ತೃಪ್ತನಾದರೆ ವ್ಯಾಪಾರ ನಿಂತಿತು. ನಾನು ಸೀರೆ ಮಾರುತ್ತೇನೆ. ಕೊಂಡ ಸೀರೆ ಮರುದಿನ ಹಳೆಯದಾಗುವಂತೆ ಮಾಡುವ ಉಪಾಯ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಮಾಡಬಾರದು. ಆಟದಲ್ಲಿ ಪಾತ್ರಕ್ಕೆ ಎಷ್ಟು ಬಲ ಇರಬೇಕೆಂದು ನಿಶ್ಚಯಿಸುವವನೇ ಆ ಬಲ ಮಾರುವ ವ್ಯಾಪಾರಿಯೂ ಆದರೆ, ತಕ್ಕಡಿ ಅವನದೇ, ಕಲ್ಲೂ ಅವನದೇ. ಮಕ್ಕಳಿಗೆ ಫೋನ್ ಕೊಡುವ ತಂದೆತಾಯಿಗಳು ಇದೊಂದನ್ನು ನೋಡಿ ಕೊಡಿ: ಆ ಆಟದಲ್ಲಿ ಬಲ ದುಡಿದು ಬರುತ್ತದೋ ದುಡ್ಡಿಗೆ ಬರುತ್ತದೋ?

ಹಾಗಾದರೆ ಬಹಳ ಬಲವಿದ್ದ ಪಾತ್ರದಲ್ಲಿ ಕಥೆಯೇ ಇಲ್ಲವೆ? ಇಲ್ಲ ಎಂದು ನಾನು ವಾದಿಸುತ್ತಿದ್ದೆ. ಆಮೇಲೆ ಆದಿಪುರಾಣ ನೆನಪಾಗಿ ವಾದ ಬಿಟ್ಟೆ. ಭರತ ಚಕ್ರವರ್ತಿಗಿಂತ ಬಲವಿದ್ದ ಪಾತ್ರ ಯಾವುದು? ಹದಿನಾಲ್ಕು ರತ್ನ, ಒಂಬತ್ತು ನಿಧಿ, ಆರು ಖಂಡದ ಭೂಮಿ. ಮೊಮ್ಮಗನ ಭಾಷೆಯಲ್ಲಿ ಇಪ್ಪತ್ತನೇ ಮೆಟ್ಟಿಲು. ಆದರೂ ಪಂಪ 941ರಲ್ಲಿ ಬರೆದ ಕಥೆಯನ್ನು ಈಗಲೂ ಕೂತು ಕೇಳುತ್ತೇವೆ. ಏಕೆಂದರೆ ದಿಗ್ವಿಜಯವೆಲ್ಲ ಮುಗಿದ ಮೇಲೆ ಚಕ್ರರತ್ನ ಅಯೋಧ್ಯೆಯ ಹೊರಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ಹೋಗುವುದಿಲ್ಲ. ತಮ್ಮಂದಿರು ಇನ್ನೂ ತಲೆಬಾಗಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿಗೆ ಸೋತು, ಸಿಟ್ಟಿನಲ್ಲಿ ಚಕ್ರವನ್ನೇ ಬಿಟ್ಟಾಗ ಅದು ಬಾಹುಬಲಿಯನ್ನು ಸುತ್ತಿ ಬಂದು ಸುಮ್ಮನೆ ನಿಂತಿತು. ಲೋಕದ ಅತ್ಯಂತ ದೊಡ್ಡ ಆಯುಧ ಕೆಲಸ ಮಾಡದ ಒಂದೇ ಒಂದು ಜಾಗ, ಕಥೆ ಇರುವುದು ಅಲ್ಲಿ.

ಇದನ್ನು ಹೇಳಿದಾಗ ಮೊಮ್ಮಗ ಎದ್ದು ಕೂತ. ಅವರ ಪುಸ್ತಕದಲ್ಲೂ ಹದಿನೇಳನೇ ಮೆಟ್ಟಿಲು ಮುಟ್ಟಿದ ಮಾಂತ್ರಿಕನಿಗೆ ಬೇಡಿದ್ದೆಲ್ಲ ಆಗುವ ಮಂತ್ರ ಸಿಗುತ್ತದೆ. ಆದರೆ ಮನಸ್ಸಿಗೆ ಬಂದ ಹಾಗೆ ಬೇಡಿದರೆ ಆ ಮಂತ್ರ ಮತ್ತೆಂದೂ ಫಲಿಸದೇ ಹೋಗುವ ಸಂಭವ ನೂರಕ್ಕೆ 33 ಎಂದು ಬರೆದಿದೆಯಂತೆ. ಮೊದಲ ದಿನ ಹುಡುಗನಿಗೆ ಆ ನಿಯಮವನ್ನು ಅವನು ಹೇಳಿಯೇ ಇರಲಿಲ್ಲ. ತಪ್ಪು ಅಲ್ಲೇ ಆಗಿತ್ತು.

ಭರತನ ಇನ್ನೊಂದು ಪ್ರಸಂಗ ಇದಕ್ಕಿಂತ ನನಗೆ ಪ್ರಿಯ. ಆರು ಖಂಡ ಗೆದ್ದ ಚಕ್ರವರ್ತಿ ತನ್ನ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಬೆಟ್ಟದ ಮೇಲೆ ಕೈಯಗಲ ಜಾಗವಿಲ್ಲ! ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳೇ ತುಂಬಿವೆ. ಕೊನೆಗೆ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಇಂದು ಲಕ್ಷಾಂತರ ಜನ ಕೂಡಿ ಆಡುವ ಇಂಟರ್ನೆಟ್ ಆಟಗಳಲ್ಲಿ ಪ್ರತಿಯೊಬ್ಬನಿಗೂ ‘ಲೋಕ ಉಳಿಸಲು ಹುಟ್ಟಿದವನು ನೀನೊಬ್ಬನೇ’ ಎಂದು ಕಥೆ ಹೇಳುತ್ತದೆ. ತಲೆ ಎತ್ತಿ ನೋಡಿದರೆ ಅದೇ ಕವಚ, ಅದೇ ಕತ್ತಿಯ ‘ಒಬ್ಬನೇ’ಗಳು ಸಂತೆಯ ಹಾಗೆ ನೆರೆದಿದ್ದಾರೆ.

ಇನ್ನು ಬಲವೇ ಇಲ್ಲದ ಆಟ. ತೆಲುಗಿನವರು ವೈಕುಂಠಪಾಳಿ ಎನ್ನುವ ಹಾವು ಏಣಿಯ ಆಟ ನಮ್ಮ ಊರಿನಲ್ಲಿ ಪ್ರತಿ ಮನೆಯಲ್ಲೂ ಇತ್ತು. ಜೈನರಲ್ಲಿಯೂ ಜ್ಞಾನಬಾಜಿ ಎಂಬ ಇಂಥದೇ ಪಟಗಳು, 84 ಮನೆಯವು, ಪಶ್ಚಿಮ ಭಾರತದಲ್ಲಿ ಬಳಕೆಯಲ್ಲಿದ್ದವು. ಪರ್ಯೂಷಣದ ದಿನಗಳಲ್ಲಿ ಆಡುತ್ತಿದ್ದರು. ಅಲ್ಲಿ ಆಡುವವನದು ಏನೂ ಇಲ್ಲ. ದಾಳ ಬಿದ್ದಷ್ಟು ನಡೆ, ಏಣಿ ಬಂದರೆ ಏರು, ಹಾವು ಬಂದರೆ ಇಳಿ. ಕರ್ಮದ ಪಾಠಕ್ಕೆ ಸರಿ. ಆದರೆ ಹತ್ತು ವರ್ಷ ದಾಟಿದ ಮಗು ಅದರಲ್ಲಿ ಕೂರುವುದಿಲ್ಲ, ಚೌಕಾಬಾರಕ್ಕೆ ಹೋಗುತ್ತದೆ. ಅಲ್ಲಿ ಕವಡೆ ಬೀಳುವುದು ನಮ್ಮ ಕೈಲಿಲ್ಲದಿದ್ದರೂ ಯಾವ ಕಾಯಿ ನಡೆಸಬೇಕೆಂಬುದು ನಮ್ಮ ಕೈಲಿದೆ. ಎದುರಿನವನ ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ಕಟ್ಟಳೆಯಿಂದ ನಾವು ಆಡುತ್ತಿದ್ದೆವು.

ಇಷ್ಟು ಬರೆದವನು ತನ್ನ ಲೆಕ್ಕ ಮುಚ್ಚಿಡಬಾರದು. 1975ರಲ್ಲಿ ಮ್ಯಾಟ್ರಿಕ್ ಮುಗಿಸಿ ನಾನು ಅಂಗಡಿ ಸೇರಿದೆ. ತಾನು ಎತ್ತಿದೆ, ಮೀಟರ್ ಕೋಲು ಹಿಡಿದೆ, ಮಗ್ಗದವರ ಮನೆಗಳಿಗೆ ತಿರುಗಿದೆ. ನಮ್ಮ ತಂದೆಯವರು ಚೆಕ್ಕಿಗೆ ಸಹಿ ಹಾಕಲು ನನ್ನನ್ನು ಬಿಟ್ಟದ್ದು 1995ರಲ್ಲಿ, ನನಗೆ ಮೂವತ್ತಾರು. ಅಲ್ಲಿಯವರೆಗೆ ನಾನು ಆಡಿದ್ದು ವೈಕುಂಠಪಾಳಿಯೇ. ದಾಳ ಅವರದು, ನಡೆ ನನ್ನದು. ಕೆಟ್ಟದ್ದು ಮಾಡಿದರು ಎನ್ನುವುದಿಲ್ಲ. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ನಾನು ಒಂದೂ ತಪ್ಪು ಮಾಡಲಿಲ್ಲ, ಮಾಡಲು ಅವಕಾಶವೇ ಇರಲಿಲ್ಲ. ಸಹಿ ಬಂದ ಮರುವರ್ಷವೇ ಒಬ್ಬ ದಲ್ಲಾಳಿಯನ್ನು ನಂಬಿ ದೊಡ್ಡ ಏಟು ತಿಂದೆ. ಇಪ್ಪತ್ತರಲ್ಲಿ ನೂರು ರೂಪಾಯಿಗೆ ಕಲಿಯಬೇಕಾದದ್ದನ್ನು ಮೂವತ್ತೇಳರಲ್ಲಿ ಕಲಿತೆ, ಬೆಲೆ ನೂರು ರೂಪಾಯಿಯಾಗಿರಲಿಲ್ಲ.

ನನ್ನ ಮಗನಿಗೆ ಈಗ ನಲವತ್ತು. ಗಲ್ಲಾಪೆಟ್ಟಿಗೆಯ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲೇ ಇದೆ.

ನಾಲ್ಕನೇ ದಿನ ಸಂಜೆ ಸರಕಿನ ಗಾಡಿ ಹಳ್ಳಿಯ ಅಂಗಡಿ ಮುಟ್ಟಿತು. ನನ್ನ ಗಾಡಿಯವನಿಗೂ ಒಂದು ಮೆಟ್ಟಿಲು ಸಿಕ್ಕಿತು. ನಿಯಮದಲ್ಲಿ ಹಾಗಿಲ್ಲವಂತೆ, ಮೊಮ್ಮಗ ದಾಕ್ಷಿಣ್ಯಕ್ಕೆ ಕೊಟ್ಟ. ಬಲ ಎಷ್ಟು ಹೆಚ್ಚಿತು ಎಂದು ದಾಳ ಹಾಕಿದರೆ ಬಿದ್ದದ್ದು ಒಂದು. ಊಟಕ್ಕೆ ಕರೆಯಲು ಮೇಲೆ ಬಂದಿದ್ದ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ಸಾಕು ಬಿಡಿ ಅಪ್ಪಾಜಿ, ಒಂದಾದರೂ ಕೊಟ್ಟರಲ್ಲ,” ಎಂದ. ನಗುತ್ತಲೇ ಅಂದ. ಆ ಮಾತು ಮೊಮ್ಮಗನಿಗೆ ಹೇಳಿದ್ದೋ ನನಗೆ ಹೇಳಿದ್ದೋ ನಾನು ಕೇಳಲಿಲ್ಲ.

ರಾತ್ರಿ ಅವನನ್ನು ಕರೆದು, ಈ ಸಲ ದಸರೆಯ ಮಾಲಿಗೆ ಸೂರತ್ತಿಗೆ ನೀನೊಬ್ಬನೇ ಹೋಗು, ನನಗೆ ಫೋನ್ ಮಾಡಬೇಡ, ನೀನು ಆರಿಸಿದ್ದೇ ಮಾಲು ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಷ್ಟರವರೆಗೆ ಅಪ್ಪಾಜಿ?” ಎಂದ. ಮೂರು ಲಕ್ಷ ಎಂದೆ. ಐದಾದರೂ ಬೇಕು ಅಂದ. ನಾಲ್ಕಕ್ಕೆ ನಿಂತಿದೆ.